ಟ್ರಂಕಿನಲ್ಲಿ ಸಿಕ್ಕ ಹಿರಿಯರ ಕೈಗಡಿಯಾರ: ಯಾವ ಕಂಪನಿಯದು, ಯಾವ ಕಾಲದ್ದು ಎಂದು ಗುರುತಿಸುವ ಬಗೆ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಹಳೆಯ ಮನೆಗಳಲ್ಲಿ ಹಿರಿಯರ ಟ್ರಂಕು ತೆಗೆದಾಗ, ಇಳಕಲ್ ಸೀರೆಯ ಮಡಿಕೆಯಲ್ಲೋ ಗುಳೇದಗುಡ್ಡದ ಖಣದ ತುಂಡಿನಲ್ಲೋ ಸುತ್ತಿಟ್ಟ ಒಂದು ಕೈಗಡಿಯಾರ ಸಿಗುವುದುಂಟು. ಅದರ ಹಿಂದೆಯೇ ಒಂದು ಮಾತೂ ಬರುತ್ತದೆ: ‘ಇದು ಅಜ್ಜನಿಗೆ ಮದುವೆಯಲ್ಲಿ ಬೀಗರು ಹಾಕಿದ್ದು’, ‘ದೊಡ್ಡಪ್ಪ ಮಿಲಿಟರಿಯಿಂದ ಬರುವಾಗ ತಂದದ್ದು’, ‘ಗೋಕಾಕ ಫಾಲ್ಸಿನ ಗಿರಣಿಯಲ್ಲಿ ಕೆಲಸ ಸಿಕ್ಕಾಗ ಮೊದಲ ಪಗಾರದಲ್ಲಿ ಕೊಂಡದ್ದು’. ಮನೆಯವರು ಸುಳ್ಳು ಹೇಳುವುದಿಲ್ಲ. ಆದರೆ ಐವತ್ತು ಅರವತ್ತು ವರ್ಷ ಬಾಯಿಂದ ಬಾಯಿಗೆ ಬಂದ ಮಾತಿನಲ್ಲಿ ಎರಡು ವಾಚುಗಳ ಕಥೆ ಕೂಡಿ ಒಂದಾಗಿರುವ ಸಾಧ್ಯತೆ ಇದ್ದೇ ಇರುತ್ತದೆ. ನಮ್ಮ ಮನೆಯಲ್ಲಿ ಆದದ್ದೂ ಇದೇ. ಅದರ ವಿವರವನ್ನು ಮುಂದೆ ಉದಾಹರಣೆಯಾಗಿ ಕೊಡುತ್ತೇನೆ.

ಮೊದಲೇ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದ ಸಂಗತಿ ಒಂದಿದೆ. ಕೇಸು, ಡಯಲು, ಮುಳ್ಳುಗಳು, ಒಳಗಿನ ಮಷೀನು, ಚಾವಿಯ ಗುಂಡಿ, ಗಾಜು, ಪಟ್ಟಾ ಇವೆಲ್ಲಕ್ಕೂ ಬೇರೆ ಬೇರೆ ವಯಸ್ಸು ಇರಬಹುದು, ಏಕೆಂದರೆ ಒಂದು ವಾಚು ಮೂರು ತಲೆಮಾರು ನಡೆಯಬೇಕಾದರೆ ಅದರ ಕೆಲವು ಭಾಗಗಳು ಬದಲಾಗಿರಲೇಬೇಕು. ಆದ್ದರಿಂದ ಒಂದು ಗುರುತನ್ನು ನೋಡಿ ವರ್ಷ ಹೇಳಿಬಿಡುವುದು ಸರಿಯಲ್ಲ. ಪ್ರತಿಯೊಂದು ಭಾಗವನ್ನೂ ಎರಡು ಪ್ರಶ್ನೆ ಕೇಳಬೇಕು: ಯಾವ ವರ್ಷಕ್ಕಿಂತ ಮೊದಲು ಇದು ಹುಟ್ಟಿರಲು ಸಾಧ್ಯವಿಲ್ಲ, ಯಾವ ವರ್ಷದ ಹೊತ್ತಿಗೆ ಇದು ಖಂಡಿತವಾಗಿ ಇತ್ತು. ಈ ಎರಡು ಗಡಿಗಳನ್ನು ಹತ್ತಿರ ಹತ್ತಿರ ತರುತ್ತ ಹೋಗುವುದೇ ಈ ಇಡೀ ಕೆಲಸ.

ಕೈ ಹಚ್ಚುವ ಮೊದಲು

ವಾಚು ಸಿಕ್ಕ ಕೂಡಲೇ ಚಾವಿ ಕೊಟ್ಟು ನಡೆಯುತ್ತದೆಯೇ ಎಂದು ನೋಡುವ ಆಸೆ ಎಲ್ಲರಿಗೂ ಇರುತ್ತದೆ. ಎರಡು ಮೂರು ಸುತ್ತು ಚಾವಿ ಕೊಟ್ಟು ಟಿಕ್‌ಟಿಕ್ ಸಪ್ಪಳ ಕೇಳುವುದರಿಂದ ದೊಡ್ಡ ಹಾನಿಯಿಲ್ಲ. ಆದರೆ ನಡೆಯಿತೆಂದು ದಿನವೂ ಕಟ್ಟಿಕೊಂಡು ತಿರುಗಬಾರದು. ಹಲವು ವರ್ಷ ಸುಮ್ಮನೆ ಇದ್ದ ವಾಚಿನಲ್ಲಿ ಎಣ್ಣೆ ಒಣಗಿ ಜಿಗುಟಾಗಿರುತ್ತದೆ, ಅದರ ಮೇಲೆಯೇ ಚಕ್ರಗಳು ತಿರುಗಿದರೆ ಅಚ್ಚುಗಳು ಸವೆಯುತ್ತವೆ. ಡಯಲನ್ನು ಒದ್ದೆ ಬಟ್ಟೆಯಿಂದ ಒರೆಸುವುದು, ಕೇಸಿಗೆ ಪಾಲಿಶ್ ಹೊಡೆಸುವುದು, ಗಾಜು ಬದಲಿಸುವುದು ಇವೆಲ್ಲವನ್ನೂ ಗುರುತು ಮುಗಿಯುವವರೆಗೆ ತಡೆದಿಡಿ. ಪಾಲಿಶ್ ಚಕ್ರಕ್ಕೆ ಒಮ್ಮೆ ಕೊಟ್ಟರೆ ಹಿಂಬದಿಯ ಮುಚ್ಚಳದ ತೆಳ್ಳಗಿನ ಅಕ್ಷರಗಳು ಅಳಿಸಿಹೋಗುತ್ತವೆ, ಅವು ಮತ್ತೆ ಬರುವುದಿಲ್ಲ.

ಇನ್ನೊಂದು ಎಚ್ಚರಿಕೆ ಇದಕ್ಕಿಂತ ಮುಖ್ಯವಾದದ್ದು. ಕತ್ತಲಲ್ಲಿ ಹೊಳೆಯಲೆಂದು ಅಂಕಿಗಳಿಗೂ ಮುಳ್ಳುಗಳಿಗೂ ಹಚ್ಚಿದ ಹಳೆಯ ಬಣ್ಣದಲ್ಲಿ 1960ರ ದಶಕದ ಆರಂಭದವರೆಗೂ ರೇಡಿಯಂ ಇರುತ್ತಿತ್ತು. ರೇಡಿಯಂ ಅರ್ಧಕ್ಕೆ ಇಳಿಯಲು ಸುಮಾರು 1,600 ವರ್ಷ ಬೇಕು. ಇಂದು ಆ ಬಣ್ಣ ಹೊಳೆಯದೇ ಇದ್ದರೆ ಅದರಲ್ಲಿ ಬೆಳಕು ಕೊಡುವ ರಾಸಾಯನಿಕ ಸತ್ತಿದೆ ಎಂದಷ್ಟೇ ಅರ್ಥ, ವಿಕಿರಣ ಹಾಗೆಯೇ ಇರುತ್ತದೆ. ಕಂದು ಬಣ್ಣಕ್ಕೆ ತಿರುಗಿದ, ಪುಡಿ ಪುಡಿಯಾಗುವ ಬಣ್ಣ ಕಂಡರೆ ಗಾಜು ತೆಗೆಯಬೇಡಿ, ಉಗುರಿನಿಂದ ಕೆರೆಯಬೇಡಿ, ಮಕ್ಕಳ ಕೈಗೆ ಕೊಡಬೇಡಿ, ರಿಪೇರಿಯವರಿಗೆ ಕೊಡುವಾಗ ಈ ಮಾತನ್ನು ತಿಳಿಸಿಯೇ ಕೊಡಿ. ಆ ಪುಡಿ ಉಸಿರಿನ ಮೂಲಕ ಒಳಗೆ ಹೋಗುವುದೇ ನಿಜವಾದ ಅಪಾಯ.

ಇಷ್ಟು ತಿಳಿದ ಮೇಲೆ ಕಿಟಕಿಯ ಪಕ್ಕದ ಬೆಳಕಿನಲ್ಲಿ ಬಿಳಿ ಬಟ್ಟೆಯ ಮೇಲೆ ವಾಚು ಇಟ್ಟು, ಮುಂದೆ, ಹಿಂದೆ, ಎರಡೂ ಮಗ್ಗುಲು, ಪಟ್ಟಾ ಸಿಕ್ಕಿಸುವ ಕೊಂಬುಗಳ ನಡುವೆ, ಹೀಗೆ ಎಲ್ಲ ಕಡೆಯಿಂದ ಫೋಟೋ ತೆಗೆದುಕೊಳ್ಳಿ. ಮೊಬೈಲಿನ ಫೋಟೋವನ್ನು ದೊಡ್ಡದು ಮಾಡಿ ನೋಡಿದರೆ ಭೂತಗನ್ನಡಿಯಲ್ಲಿ ಕಾಣದ ಅಕ್ಷರಗಳೂ ಎಷ್ಟೋ ಸಲ ಕಾಣುತ್ತವೆ. ಅಳತೆಯನ್ನೂ ಬರೆದಿಟ್ಟುಕೊಳ್ಳಿ: ಚಾವಿಯ ಗುಂಡಿಯನ್ನು ಬಿಟ್ಟು ಕೇಸಿನ ಅಗಲ ಎಷ್ಟು ಮಿಲಿಮೀಟರ್ ಎಂಬುದು ಮುಂದೆ ಉಪಯೋಗಕ್ಕೆ ಬರುತ್ತದೆ.

ಕಾಗದ ಮತ್ತು ಮದುವೆಯ ಫೋಟೋ

ವಾಚಿನ ಒಳಗೆ ಹುಡುಕುವ ಮೊದಲು ವಾಚು ಸಿಕ್ಕ ಟ್ರಂಕನ್ನು ಪೂರ್ತಿಯಾಗಿ ಹುಡುಕಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಬಿಲ್ಲು, ಗ್ಯಾರಂಟಿ ಚೀಟಿ, ಡಬ್ಬಿ, ರಿಪೇರಿ ಅಂಗಡಿಯ ಪಾವತಿ, ಇವುಗಳ ಮೇಲೆ ತಾರೀಖು ಹರಿದುಹೋಗಿದ್ದರೂ ಉಳಿದ ಅಕ್ಷರಗಳೇ ಕಾಲ ಹೇಳುತ್ತವೆ, ಮತ್ತು ನಮ್ಮ ಭಾಗದವರಿಗೆ ಈ ವಿಷಯದಲ್ಲಿ ಒಂದು ಅನುಕೂಲವಿದೆ. ನಮ್ಮ ಊರುಗಳು ರಾಜ್ಯವನ್ನೂ ಹೆಸರನ್ನೂ ಬದಲಿಸಿದ ದಿನಗಳು ಖಚಿತವಾಗಿ ಗೊತ್ತಿವೆ. ಬೆಳಗಾವಿ ಮತ್ತು ವಿಜಯಪುರ 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯದಲ್ಲಿದ್ದವು. ಅಲ್ಲಿಂದ ಮೈಸೂರು ರಾಜ್ಯ. 1973ರ ನವೆಂಬರ್ 1ರಿಂದ ಕರ್ನಾಟಕ. ಬಾಗಲಕೋಟೆ 1997ರ ಆಗಸ್ಟ್ 15ರವರೆಗೂ ವಿಜಯಪುರ ಜಿಲ್ಲೆಯ ಒಂದು ತಾಲೂಕು ಆಗಿತ್ತು, ಆದ್ದರಿಂದ ‘ಬಾಗಲಕೋಟ, ಜಿ. ವಿಜಾಪುರ’ ಎಂದು ಅಚ್ಚಾದ ಬಿಲ್ಲು ಅದಕ್ಕಿಂತ ಹಿಂದಿನದು. ಬೆಳಗಾಂವ, ಬಿಜಾಪುರ ಎಂಬ ಇಂಗ್ಲಿಷ್ ಕಾಗುಣಿತಗಳು ಸರಕಾರಿ ದಾಖಲೆಗಳಲ್ಲಿ ಬೆಳಗಾವಿ, ವಿಜಯಪುರ ಆದದ್ದು 2014ರಲ್ಲಿ. ವಿಳಾಸದಲ್ಲಿ ಆರಂಕಿಯ ಪಿನ್ ಕೋಡ್ ಇದ್ದರೆ ಅದು 1972ರ ಆಗಸ್ಟ್ 15ರ ನಂತರದ್ದು.

ಬೆಲೆ ಬರೆದ ರೀತಿ ಇನ್ನೂ ಚೆನ್ನಾಗಿ ಹೇಳುತ್ತದೆ. ರೂಪಾಯಿ, ಆಣೆ, ಪೈ ಎಂದು ಮೂರು ಕಾಲಮ್ ಇದ್ದರೆ ಆ ಬಿಲ್ಲು 1957ರ ಏಪ್ರಿಲ್ 1ಕ್ಕಿಂತ ಹಿಂದಿನ ಲೆಕ್ಕದ್ದು. ‘ನಯೇ ಪೈಸೆ’ ಅಥವಾ ‘ನ.ಪೈ.’ ಎಂದಿದ್ದರೆ 1957 ಮತ್ತು 1964ರ ನಡುವಿನದು, ಏಕೆಂದರೆ 1964ರ ಜೂನ್‌ನಿಂದ ‘ನಯೇ’ ಎಂಬ ಮಾತನ್ನು ಸರಕಾರವೇ ಬಿಟ್ಟಿತು. ಅಂಗಡಿಯವರು ಹಳೆಯ ಬಿಲ್ ಪುಸ್ತಕ ಮುಗಿಯುವವರೆಗೂ ಅದನ್ನೇ ಬಳಸುತ್ತಿದ್ದರು ಎಂಬುದನ್ನು ಮಾತ್ರ ಮರೆಯಬಾರದು. ಎರಡು ವರ್ಷದ ಸಡಿಲ ಬಿಟ್ಟೇ ಲೆಕ್ಕ ಹಾಕಬೇಕು.

ಇನ್ನು ಫೋಟೋ. ನಮ್ಮ ಹಿರಿಯರು ಮದುವೆಯ ಫೋಟೋದಲ್ಲಿ ವಾಚು ಕಾಣಲೆಂದು ಕೋಟಿನ ತೋಳನ್ನು ಸ್ವಲ್ಪ ಮೇಲೆ ಸರಿಸಿ ಕೂಡುತ್ತಿದ್ದರು. ಆ ಫೋಟೋವನ್ನು ಚೌಕಟ್ಟಿನಿಂದ ತೆಗೆದು ಚೆನ್ನಾಗಿ ಸ್ಕ್ಯಾನ್ ಮಾಡಿಸಿದರೆ ವಾಚಿನ ಆಕಾರ, ಡಯಲು ಕಪ್ಪೋ ಬಿಳಿಯೋ ಎಂಬುದು, ಕೆಲವು ಸಲ ಸೆಕೆಂಡಿನ ಮುಳ್ಳು ಎಲ್ಲಿದೆ ಎಂಬುದೂ ತಿಳಿಯುತ್ತದೆ.

ಡಯಲು ಓದುವುದು

ಡಯಲಿನ ಮೇಲಿನ ಹೆಸರು ಎಲ್ಲರಿಗೂ ಮೊದಲು ಕಾಣುತ್ತದೆ. ನಮ್ಮ ಕಡೆ ಹೆಚ್ಚಾಗಿ ಸಿಗುವ ಹಳೆಯ ಸ್ವಿಸ್ ಹೆಸರುಗಳೆಂದರೆ ವೆಸ್ಟ್ ಎಂಡ್, ಫಾವ್ರ್ ಲೂಬಾ, ರೋಮರ್, ಹೆನ್ರಿ ಸ್ಯಾಂಡೋಜ್, ಕ್ಯಾಮಿ, ಟೈಟೋನಿ, ಒರಿಸ್. ಅನುಕೂಲವಿದ್ದ ಮನೆಗಳಲ್ಲಿ ಒಮೆಗಾ. ವೆಸ್ಟ್ ಎಂಡ್ ಕಂಪನಿ 1886ರಿಂದ ಮುಂಬಯಿಯಲ್ಲಿ ವ್ಯಾಪಾರ ನಡೆಸಿತು, ಅದರ ‘ಸೋವಾರ್ ಪ್ರೈಮಾ’ ಎಂಬ ಮಾದರಿಯ ಹೆಸರು ನಮ್ಮ ‘ಸವಾರ’ ಎಂಬ ಮಾತೇ. ಫಾವ್ರ್ ಲೂಬಾದ ‘ಸೀ ಚೀಫ್’, ‘ಸೀ ಕಿಂಗ್’ ವಾಚುಗಳು ಈಗಲೂ ಸಾಕಷ್ಟು ಮನೆಗಳಲ್ಲಿ ನಡೆಯುತ್ತಿವೆ.

ಹೆಸರಿಗಿಂತ ಡಯಲಿನ ಕೆಳತುದಿಯ, ಆರರ ಅಂಕಿಯ ಹತ್ತಿರದ ಸಣ್ಣ ಅಕ್ಷರಗಳು ನನಗೆ ಹೆಚ್ಚು ಬೆಲೆಯುಳ್ಳವು. ‘ಸ್ವಿಸ್’ ಎಂಬ ಮಾತಿನ ಎರಡೂ ಬದಿಗೆ ‘ಟಿ’ ಎಂಬ ಒಂಟಿ ಅಕ್ಷರ ಇದ್ದರೆ ಹೊಳೆಯುವ ಬಣ್ಣದಲ್ಲಿ ರೇಡಿಯಂ ಬದಲು ಟ್ರಿಟಿಯಂ ಇದೆ ಎಂದರ್ಥ; ಅಂಥ ಡಯಲು 1960ರ ದಶಕಕ್ಕಿಂತ ಹಳೆಯದಾಗಿರಲಾರದು. ‘ವೆಸ್ಟ್ ಜರ್ಮನಿ’ ಎಂದಿದ್ದರೆ 1949 ಮತ್ತು 1990ರ ನಡುವೆ. ‘ಮೇಡ್ ಇನ್ ಯುಎಸ್‌ಎಸ್‌ಆರ್’ ಎಂದಿದ್ದರೆ 1991ಕ್ಕಿಂತ ಹಿಂದೆ. ‘ಕ್ವಾರ್ಟ್ಜ್’ ಎಂಬ ಮಾತಿದ್ದರೆ ಅದು 1969ರ ಡಿಸೆಂಬರ್‌ಗಿಂತ ಹಿಂದಿನದಾಗಲು ಸಾಧ್ಯವೇ ಇಲ್ಲ, ಏಕೆಂದರೆ ಜಗತ್ತಿನ ಮೊದಲ ಕ್ವಾರ್ಟ್ಜ್ ಕೈಗಡಿಯಾರವನ್ನು ಜಪಾನಿನ ಸೀಕೋ ಮಾರಾಟಕ್ಕೆ ಬಿಟ್ಟದ್ದು ಆಗ. ‘ಇನ್‌ಕಾಬ್ಲಾಕ್’ ಎಂಬ ಮಾತು ಬ್ಯಾಲೆನ್ಸ್ ಚಕ್ರಕ್ಕೆ (ಹಿಂದೆ ಮುಂದೆ ತೂಗಾಡಿ ವಾಚಿನ ಗತಿ ಕಾಯುವ ಚಕ್ರಕ್ಕೆ) ಪೆಟ್ಟು ತಾಗದಂತೆ ಕಾಯುವ ಸ್ಪ್ರಿಂಗ್ ವ್ಯವಸ್ಥೆಯ ಹೆಸರು. ಅದು ಬಂದದ್ದು 1934ರಲ್ಲಿ, ಸಾಮಾನ್ಯ ವಾಚುಗಳಲ್ಲಿ ಹರಡಿದ್ದು ಅದಕ್ಕೂ ನಂತರ.

ಸೆಕೆಂಡಿನ ಮುಳ್ಳನ್ನು ನೋಡಿ. ಆರರ ಮೇಲೆ ಪುಟ್ಟ ಬೇರೆ ವೃತ್ತದಲ್ಲಿ ಅದು ತಿರುಗುತ್ತಿದ್ದರೆ ವಾಚು ಹೆಚ್ಚಾಗಿ 1950ರ ದಶಕದವರೆಗಿನ ರೂಢಿಯದು. ನಟ್ಟನಡುವಿನಿಂದ ಉದ್ದವಾಗಿ ತಿರುಗುವ ಮುಳ್ಳು 1940ರ ದಶಕದ ಕೊನೆಯಿಂದ ಸಾಮಾನ್ಯವಾಯಿತು. ತಾರೀಖಿನ ಕಿಟಕಿ ಇನ್ನೂ ತಡವಾಗಿ ಬಂದದ್ದು. ಇವು ಕಟ್ಟುನಿಟ್ಟಾದ ನಿಯಮಗಳಲ್ಲ, ಒಲವುಗಳು.

ಕೇಸು ಮತ್ತು ಹಿಂಬದಿ

ಗಂಡಸರ ವಾಚಿನ ಅಗಲ 30ರಿಂದ 33 ಮಿಲಿಮೀಟರ್ ಇದ್ದರೆ 1940 ಅಥವಾ 1950ರ ದಶಕವನ್ನು ಮೊದಲು ನೆನೆಯಬೇಕು. 34ರಿಂದ 36 ಇದ್ದರೆ 1960ರ ದಶಕ ಮತ್ತು ನಂತರ. ಪಟ್ಟಾ ಸಿಕ್ಕಿಸುವಲ್ಲಿ ತಂತಿಯನ್ನು ಬಗ್ಗಿಸಿ ಬೆಸೆದಂತಿದ್ದರೆ ಅದು 1910 ಮತ್ತು 1920ರ ದಶಕಗಳ ಶೈಲಿ, ಜೇಬಿನ ಗಡಿಯಾರ ಕೈಗೆ ಬಂದ ಕಾಲದ್ದು. ನಿಜವಾದ ಚಿನ್ನವೋ ಮುಲಾಮೋ ಎಂಬ ಪ್ರಶ್ನೆಗೆ ಹಿಂಬದಿಯ ಬರಹವೇ ಉತ್ತರ: ‘ರೋಲ್ಡ್ ಗೋಲ್ಡ್’, ‘ಗೋಲ್ಡ್ ಪ್ಲೇಟೆಡ್’, ‘20 ಮೈಕ್ರಾನ್’ ಎಂದಿದ್ದರೆ ಅದು ಚಿನ್ನದ ತೆಳು ಹೊದಿಕೆ ಮಾತ್ರ.

ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿದಳದ ಕೇಂದ್ರ ಇರುವುದರಿಂದ ಸುತ್ತಲಿನ ಹಳ್ಳಿಗಳ ಎಷ್ಟೋ ಮನೆಗಳಲ್ಲಿ ಸೈನಿಕರ ವಾಚುಗಳಿವೆ. ಹಿಂಬದಿಯಲ್ಲಿ ಮೂರು ಗೆರೆಯ ಬಾಣದ ಗುರುತು ಇದ್ದರೆ ಅದು ಬ್ರಿಟಿಷ್ ಸರಕಾರದ ಸ್ವತ್ತಿನ ಗುರುತು. ಅದರ ಜೊತೆಗೆ ‘ಎ.ಟಿ.ಪಿ.’ ಎಂದಿದ್ದರೆ ಎರಡನೆಯ ಮಹಾಯುದ್ಧದ ಕಾಲದ ಸೈನ್ಯದ ವಾಚು, ‘ಡಬ್ಲ್ಯು.ಡಬ್ಲ್ಯು.ಡಬ್ಲ್ಯು.’ ಎಂದು ಮೂರು ಅಕ್ಷರಗಳಿದ್ದರೆ ಯುದ್ಧದ ಕೊನೆಗೆ, 1945ರ ಸುಮಾರಿಗೆ, ಹನ್ನೆರಡು ಸ್ವಿಸ್ ಕಂಪನಿಗಳು ಬ್ರಿಟಿಷ್ ಸೈನ್ಯಕ್ಕೆ ಮಾಡಿಕೊಟ್ಟ ಮಾದರಿ. ಇಂಥದ್ದು ಸಿಕ್ಕರೆ ಪಾಲಿಶ್ ಮಾಡಿಸುವ ಮಾತನ್ನೇ ಎತ್ತಬೇಡಿ. ಇದರ ಜೊತೆಗೆ ಹಿರಿಯರ ಸೇವಾ ಪುಸ್ತಕ ಅಥವಾ ಪಿಂಚಣಿ ಕಾಗದ ಸಿಕ್ಕರೆ ಎರಡನ್ನೂ ಒಂದೇ ಕಡೆ ಇಡಿ.

ಜಪಾನಿನ ವಾಚುಗಳು ಈ ವಿಷಯದಲ್ಲಿ ಬಹಳ ಸುಲಭ. ಸೀಕೋ ವಾಚಿನ ಹಿಂಬದಿಯಲ್ಲಿ ಎರಡು ಬಗೆಯ ಸಂಖ್ಯೆಗಳಿರುತ್ತವೆ. ನಡುವೆ ಅಡ್ಡಗೆರೆ ಇರುವ ಸಂಖ್ಯೆಯ ಮೊದಲ ನಾಲ್ಕು ಅಂಕಿ ಮಷೀನಿನ ನಂಬರು. ಇನ್ನೊಂದು ಸಂಖ್ಯೆಯ ಮೊದಲ ಅಂಕಿ ವರ್ಷದ ಕೊನೆಯ ಅಂಕಿ, ಎರಡನೆಯದು ತಿಂಗಳು. ಅಕ್ಟೋಬರ್‌ಗೆ ಸೊನ್ನೆ, ನವೆಂಬರ್‌ಗೆ ‘ಎನ್’, ಡಿಸೆಂಬರ್‌ಗೆ ‘ಡಿ’. ಹೀಗೆ ‘5ಎನ್’ ಎಂದು ಆರಂಭವಾದರೆ ಐದರಲ್ಲಿ ಕೊನೆಗೊಳ್ಳುವ ಯಾವುದೋ ವರ್ಷದ ನವೆಂಬರ್. ಆ ವರ್ಷ 1965ರದೋ 1975ರದೋ 1985ರದೋ ಎಂಬುದನ್ನು ಮಷೀನಿನ ನಂಬರು ಬಗೆಹರಿಸುತ್ತದೆ, ಯಾವ ಮಷೀನು ಯಾವ ಕಾಲದಲ್ಲಿ ತಯಾರಾಯಿತು ಎಂಬ ಮಾಹಿತಿ ಸುಲಭವಾಗಿ ಸಿಗುವುದರಿಂದ. ಹಿಂಬದಿಯಲ್ಲಿ ‘ವಾಟರ್‌ಪ್ರೂಫ್’ ಎಂದಿದ್ದರೆ ಸುಮಾರು 1970ಕ್ಕಿಂತ ಹಿಂದೆ, ‘ವಾಟರ್ ರೆಸಿಸ್ಟ್’ ಎಂದಿದ್ದರೆ ಅದರ ನಂತರ. ಸಿಟಿಜನ್ ವಾಚುಗಳಲ್ಲಿಯೂ ಮೊದಲ ಅಂಕಿ ವರ್ಷ, ಮುಂದಿನ ಎರಡು ಅಂಕಿ ತಿಂಗಳು.

ಮುಚ್ಚಳ ತೆಗೆಸಿದಾಗ

ಮುಚ್ಚಳವನ್ನು ಮನೆಯಲ್ಲಿ ಚಾಕುವಿನಿಂದ ಎಬ್ಬಿಸುವ ಸಾಹಸ ಬೇಡ. ಒತ್ತಿ ಕೂಡಿಸಿದ ಮುಚ್ಚಳ, ತಿರುಪಿನ ಮುಚ್ಚಳ, ಹಿಂದಿನಿಂದ ತೆಗೆಯಲೇ ಬಾರದ ಮುಚ್ಚಳ ಎಂದು ಮೂರು ಬಗೆಗಳಿವೆ, ಪ್ರತಿಯೊಂದಕ್ಕೂ ಬೇರೆ ಹತ್ಯಾರ ಬೇಕು. ಬೆಳಗಾವಿಯ ಖಡೇಬಜಾರದಂಥ ಹಳೆಯ ಪೇಟೆಗಳಲ್ಲಿ, ಬಸ್ ನಿಲ್ದಾಣದ ಸುತ್ತಲಿನ ಗಲ್ಲಿಗಳಲ್ಲಿ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂಡುವ ಹಿರಿಯ ರಿಪೇರಿಯವರು ಇನ್ನೂ ಅಲ್ಲಲ್ಲಿ ಇದ್ದಾರೆ. ಅವರಲ್ಲಿಗೆ ಹೋಗಿ, ‘ಯಜಮಾನ್ರೆ, ಮುಚ್ಚಳ ಮಾತ್ರ ತೆಗೆದು ತೋರಿಸ್ರಿ, ಫೋಟೋ ತಗೊಂಡು ಮತ್ತ ಮುಚ್ಚೂಣು, ಏನೂ ಬದಲಿ ಮಾಡೂದು ಬ್ಯಾಡ್ರಿ’ ಎಂದು ಮೊದಲೇ ಸ್ಪಷ್ಟವಾಗಿ ಹೇಳಿ. ಅವರ ಸಮಯಕ್ಕೆ ಹಣ ಕೊಡಿ. ಅವರು ಎರಡು ನಿಮಿಷ ನೋಡಿ ಹೇಳುವ ಮಾತು ಎಷ್ಟೋ ಸಲ ನಮ್ಮ ಎರಡು ದಿನದ ಹುಡುಕಾಟಕ್ಕೆ ಸಮ.

ಒಳಗೆ ನೋಡಬೇಕಾದದ್ದು ಎರಡು ಕಡೆ. ಒಂದು, ಮಷೀನು. ಬ್ಯಾಲೆನ್ಸ್ ಚಕ್ರದ ಕೆಳಗೆ ತಳದ ತಗಡಿನ ಮೇಲೆ ಬಹಳ ಚಿಕ್ಕ ಅಕ್ಷರಗಳಲ್ಲಿ ‘ಎಎಸ್’, ‘ಈಟಿಎ’, ‘ಎಫ್‌ಎಚ್‌ಎಫ್’ ಎಂಬ ಗುರುತೂ ಅದರ ಪಕ್ಕ ಒಂದು ಸಂಖ್ಯೆಯೂ ಇರುತ್ತವೆ. ಬಹುತೇಕ ಸ್ವಿಸ್ ಹೆಸರುಗಳು ತಮ್ಮ ಮಷೀನನ್ನು ತಾವೇ ಮಾಡುತ್ತಿರಲಿಲ್ಲ, ಇಂಥ ಕಾರ್ಖಾನೆಗಳಿಂದ ಕೊಂಡು ಕೂಡಿಸುತ್ತಿದ್ದವು. ಡಯಲಿನ ಹೆಸರು ಯಾರಿಗೂ ಗೊತ್ತಿಲ್ಲದ್ದಾಗಿದ್ದರೂ ಈ ಸಂಖ್ಯೆಯಿಂದ ಕಾಲ ಸಿಗುತ್ತದೆ. ಚಕ್ರಗಳ ಅಚ್ಚು ಸವೆಯದಂತೆ ಮಷೀನಿನಲ್ಲಿ ಕೂಡಿಸಿದ ಚಿಕ್ಕ ಹರಳುಗಳ ಲೆಕ್ಕವೂ ಅಲ್ಲೇ ಕೆತ್ತಿರುತ್ತದೆ: 15 ಹರಳು 1930 ಮತ್ತು 1940ರ ದಶಕಗಳಲ್ಲಿ ಸಾಮಾನ್ಯ, 17 ನಂತರದ ರೂಢಿ. ಒಮೆಗಾದಲ್ಲಿ ಮಷೀನಿನ ಮೇಲಿನ ಕ್ರಮಸಂಖ್ಯೆ ನೇರವಾಗಿ ವರ್ಷದತ್ತ ಕರೆದೊಯ್ಯುತ್ತದೆ: ಒಂದು ಕೋಟಿಯ ಸಂಖ್ಯೆ ಸುಮಾರು 1944, ಎರಡು ಕೋಟಿ ಸುಮಾರು 1963.

ಎರಡನೆಯದು ಮುಚ್ಚಳದ ಒಳಮೈ, ಮತ್ತು ನನಗೆ ಅತ್ಯಂತ ಪ್ರಿಯವಾದ ಸಾಕ್ಷಿ ಇರುವುದು ಇಲ್ಲಿಯೇ. ಹಳೆಯ ರಿಪೇರಿಯವರು ವಾಚು ಸರ್ವಿಸ್ ಮಾಡಿದಾಗಲೆಲ್ಲ ಸೂಜಿಮೊನೆಯಿಂದ ಒಳಗೆ ತಮ್ಮ ಗುರುತನ್ನೂ ಕೆಲವು ಸಲ ತಾರೀಖನ್ನೂ ಗೀರುತ್ತಿದ್ದರು. ಬೆಳಕನ್ನು ಓರೆಯಾಗಿ ಹಿಡಿದರೆ ಮಾತ್ರ ಕಾಣುವ ಈ ಗೀರುಗಳಲ್ಲಿ ಅತ್ಯಂತ ಹಳೆಯ ತಾರೀಖು ಯಾವುದೋ, ಆ ದಿನದ ಹೊತ್ತಿಗೆ ಈ ಮುಚ್ಚಳ ಖಂಡಿತವಾಗಿ ಇತ್ತು. ಮೇಲಿನ ಗಡಿಯನ್ನು ಇಷ್ಟು ಖಚಿತವಾಗಿ ಹೇಳುವ ಸಾಕ್ಷಿ ವಾಚಿನಲ್ಲಿ ಬೇರೆ ಇಲ್ಲ.

ಎಚ್‌ಎಂಟಿ ಆಗಿದ್ದರೆ

ನಮ್ಮ ಮನೆಗಳಲ್ಲಿ ಸಿಗುವ ವಾಚು ಬಹುತೇಕ ಎಚ್‌ಎಂಟಿಯೇ. 1953ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಈ ಸರಕಾರಿ ಕಾರ್ಖಾನೆ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಕಾರದಿಂದ ವಾಚಿನ ಕೆಲಸ ಆರಂಭಿಸಿತು. ಆದ್ದರಿಂದ ಯಾವ ಎಚ್‌ಎಂಟಿ ವಾಚೂ ಅದಕ್ಕಿಂತ ಹಳೆಯದಲ್ಲ, ‘ಸ್ವಾತಂತ್ರ್ಯ ಬಂದ ವರ್ಷದ ಎಚ್‌ಎಂಟಿ’ ಎಂಬ ಮಾತು ಎಲ್ಲಿಯಾದರೂ ಕೇಳಿಬಂದರೆ ನಂಬಬೇಕಾಗಿಲ್ಲ. ಡಯಲಿನ ಮೇಲೆ ಎಚ್‌ಎಂಟಿಯ ಜೊತೆಗೆ ಸಿಟಿಜನ್ ಎಂಬ ಹೆಸರೂ ಇದ್ದರೆ ಅದು ಮೊದಲ ದಿನಗಳದು. ‘ಪ್ಯಾರಾಶಾಕ್’ ಎಂಬುದು ಸಿಟಿಜನ್‌ನಿಂದಲೇ ಬಂದ ಪೆಟ್ಟುರಕ್ಷಣೆಯ ಹೆಸರು. ಜನತಾ, ಪೈಲಟ್, ಜವಾನ್, ಕೊಹಿನೂರ್, ಸೋನಾ, ತಾನಾಗಿ ಚಾವಿ ತುಂಬುವ ಕಾಂಚನ್, ಹೀಗೆ ಮಾದರಿಯ ಹೆಸರು ಡಯಲಿನ ಮೇಲೆಯೇ ಇರುವುದರಿಂದ ಗುರುತಿಸುವುದು ಸುಲಭ.

ಕಾಲ ಹೇಳುವುದು ಮಾತ್ರ ಸುಲಭವಲ್ಲ, ಏಕೆಂದರೆ ಜನತಾ, ಪೈಲಟ್‌ಗಳಲ್ಲಿ ಬರುವ 17 ಹರಳಿನ 0231 ಮಷೀನನ್ನು ಹೆಚ್ಚು ಬದಲಾವಣೆಯಿಲ್ಲದೆ ದಶಕಗಳ ಕಾಲ ತಯಾರಿಸಿದರು. ಇಲ್ಲಿ ಗ್ಯಾರಂಟಿ ಚೀಟಿ, ಬಿಲ್ಲು, ಮದುವೆಯ ಫೋಟೋ, ಒಳಗಿನ ಗೀರುಗಳು ಇವೇ ಆಧಾರ. ವಾಚು ವಿಭಾಗವನ್ನು ಮುಚ್ಚಲು ಕೇಂದ್ರ ಸಚಿವ ಸಂಪುಟ ಒಪ್ಪಿದ್ದು 2016ರ ಜನವರಿಯಲ್ಲಿ. ಇನ್ನು ಆಲ್ವಿನ್ ಎಂದಿದ್ದರೆ 1980ರ ದಶಕ. ಟೈಟನ್ ಎಂದಿದ್ದರೆ 1987ಕ್ಕಿಂತ ಹಿಂದೆ ಹೋಗಬೇಕಾಗಿಲ್ಲ.

ಎಚ್‌ಎಂಟಿ ಇದ್ದಲ್ಲಿ ಇನ್ನೊಂದು ತೊಂದರೆ ಇದೆ: ಹೊಸದಾಗಿ ಬಣ್ಣ ಹಚ್ಚಿದ ಡಯಲು. ಹಳೆಯ ಬಿಡಿಭಾಗಗಳನ್ನು ಕೂಡಿಸಿ, ಡಯಲಿಗೆ ಢಾಳಾದ ಕೆಂಪು, ಹಸಿರು, ಕಿತ್ತಳೆ ಬಣ್ಣ ಹೊಡೆದು ಹೊಸ ಅಕ್ಷರ ಅಚ್ಚು ಹಾಕಿ ಮಾರುವುದು ದೊಡ್ಡ ವ್ಯಾಪಾರವಾಗಿದೆ. ಮನೆಯ ವಾಚಿಗೂ ಯಾವಾಗಲೋ ರಿಪೇರಿಯಲ್ಲಿ ಇಂಥ ಡಯಲು ಬಂದಿರಬಹುದು. ಭೂತಗನ್ನಡಿಯಲ್ಲಿ ಅಕ್ಷರಗಳ ಅಂಚು ಹರಡಿದಂತೆ ಕಂಡರೆ, ನಿಮಿಷದ ಗೆರೆಗಳು ಗಂಟೆಯ ಗುರುತುಗಳಿಗೆ ಸರಿಯಾಗಿ ಕೂಡದಿದ್ದರೆ, ಬಣ್ಣ ದಪ್ಪಗಿದ್ದು ತಾರೀಖಿನ ಕಿಟಕಿಯ ಅಂಚಿಗೆ ಒಸರಿದ್ದರೆ, ಆ ಡಯಲನ್ನು ಸಾಕ್ಷಿಗಳ ಪಟ್ಟಿಯಿಂದ ತೆಗೆದುಹಾಕಿ ಉಳಿದವುಗಳನ್ನು ಮಾತ್ರ ನಂಬಿ.

ಸಾಕ್ಷಿಗಳನ್ನು ಕೂಡಿಸುವುದು

ಈಗ ನಮ್ಮ ಮನೆಯ ವಾಚು. ಬೈಲಹೊಂಗಲದ ಕಡೆಯ ನಮ್ಮ ಅಜ್ಜನದೆಂದು ಸಿಕ್ಕ ಸ್ವಿಸ್ ವಾಚು 1954ರ ಮದುವೆಯದು ಎಂದು ಅಜ್ಜಿಯ ಕಾಲದಿಂದಲೂ ಎಲ್ಲರೂ ಹೇಳುತ್ತಿದ್ದೆವು. ಕೇಸು 34 ಮಿಲಿಮೀಟರ್, ಉಕ್ಕಿನದು, ಸೆಕೆಂಡಿನ ಮುಳ್ಳು ನಡುವಿನಿಂದ, 17 ಹರಳು, ಇನ್‌ಕಾಬ್ಲಾಕ್. ಇವುಗಳಲ್ಲಿ ಯಾವುದೂ 1954ನ್ನು ಅಲ್ಲಗಳೆಯುವುದಿಲ್ಲ. ಆದರೆ ಟ್ರಂಕಿನ ತಳದಲ್ಲಿ ಹಾಸಿದ್ದ ಪತ್ರಿಕೆಯ ಕೆಳಗೆ ಅರ್ಧ ಹರಿದ ಬಿಲ್ಲೊಂದು ಸಿಕ್ಕಿತು: ಇದೇ ಕಂಪನಿಯ, ಇದೇ ಮಾದರಿಯ ಹೆಸರು, ‘ಮೈಸೂರು ರಾಜ್ಯ’, ಬೆಲೆಯ ಮುಂದೆ ‘ನ.ಪೈ.’. ಅಂದರೆ 1957ರಿಂದ 1964ರ ನಡುವೆ. ಮುಚ್ಚಳದ ಒಳಗೆ ಗೀರಿದ ಅತ್ಯಂತ ಹಳೆಯ ತಾರೀಖು 1966ರ ಮಾರ್ಚ್. ಕೊನೆಗೆ ಮದುವೆಯ ಫೋಟೋ ಸ್ಕ್ಯಾನ್ ಮಾಡಿಸಿ ನೋಡಿದರೆ ಅಜ್ಜನ ಕೈಯಲ್ಲಿದ್ದ ವಾಚಿಗೆ ಆರರ ಮೇಲೆ ಪುಟ್ಟ ಸೆಕೆಂಡಿನ ವೃತ್ತ ಇತ್ತು. ಮದುವೆಯ ವಾಚು ಬೇರೆ, ಈ ವಾಚು ಬೇರೆ. ಎರಡನೆಯದು ಬಂದ ಮೇಲೆ ಮೊದಲನೆಯದರ ಕಥೆ ಇದಕ್ಕೆ ಅಂಟಿಕೊಂಡಿತ್ತು. ಈ ಮಾತನ್ನು ಚಿಕ್ಕಪ್ಪನ ಮುಂದೆ ಹೇಳಿದಾಗ, ಮೊದಲ ವಾಚನ್ನು ಅಜ್ಜ ತನ್ನ ತಮ್ಮನ ಮಗನಿಗೆ ಕಾಲೇಜಿಗೆ ಹೋಗುವಾಗ ಕೊಟ್ಟಿದ್ದ ನೆನಪು ಅವರಿಗೆ ಬಂತು.

ಸಾಕ್ಷಿಗಳು ಹೀಗೆ ಒಂದಕ್ಕೊಂದು ಕೂಡಿದಾಗ ಫಲವನ್ನು ಕಾಗದದ ಮೇಲೆ ಬರೆದು ವಾಚಿನ ಜೊತೆಗೇ ಇಡಿ. ಕಂಪನಿ, ಮಾದರಿ, ಮಷೀನಿನ ನಂಬರು, ಹಿಂಬದಿಯ ಎಲ್ಲ ಸಂಖ್ಯೆಗಳು, ನೀವು ಕಂಡುಕೊಂಡ ಎರಡು ಗಡಿವರ್ಷಗಳು, ಪ್ರತಿ ಗಡಿಗೆ ಆಧಾರ ಯಾವುದು, ಬದಲಾದ ಭಾಗ ಯಾವುದು, ಮನೆಯವರು ಹೇಳಿದ ಕಥೆ ಏನು, ಹೇಳಿದವರು ಯಾರು, ಇಷ್ಟೂ ಅದರಲ್ಲಿ ಇರಲಿ. ಕಥೆಯನ್ನು ಸಾಕ್ಷಿಯಿಂದ ಬೇರೆಯಾಗಿ ಬರೆಯಿರಿ, ಆದರೆ ಬಿಡಬೇಡಿ. ನಮ್ಮ ವಾಚಿನ ಡಬ್ಬಿಯಲ್ಲಿರುವ ಚೀಟಿಯ ಮೊದಲ ಸಾಲು ಹೀಗಿದೆ: ‘ಅಜ್ಜನ ಎರಡನೆಯ ವಾಚು. 1957 ಮತ್ತು 1964ರ ನಡುವೆ ಕೊಂಡದ್ದು, ಬಿಲ್ಲು ಇದೇ ಡಬ್ಬಿಯಲ್ಲಿದೆ. ಮದುವೆಯ ವಾಚು ಚಿಕ್ಕಜ್ಜನ ಮನೆಯವರ ಕಡೆ ಹೋಗಿದೆ.’